ಎತ್ತದ ಚೀಟಿ

ಡಬ್ಬಿಯೊಳಗೆ ಕೈ ಹಾಕಿ ಒಂದು ಚೀಟಿ ಎತ್ತುವುದಕ್ಕೆ ಐವತ್ತೆರಡು ವರ್ಷದ ಮನುಷ್ಯ ಹೆದರಬೇಕಾಗಿರಲಿಲ್ಲ. ಹಾಗೆಂದು ವಿಶ್ವಾರಾಧ್ಯ ಬೆಳಿಗ್ಗೆಯಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹಲ್ಲುಜ್ಜುವಾಗ ಹೇಳಿಕೊಂಡ, ಸ್ನಾನ ಮಾಡುವಾಗ ಹೇಳಿಕೊಂಡ, ವಿಭೂತಿ ಹಚ್ಚಿಕೊಳ್ಳುವಾಗ ಗೆರೆ ಹುಬ್ಬಿನವರೆಗೆ ಇಳಿದದ್ದನ್ನು ಕನ್ನಡಿಯಲ್ಲಿ ನೋಡಿ ಒರೆಸಿಕೊಂಡು ಮತ್ತೊಮ್ಮೆ ಹೇಳಿಕೊಂಡ. ಶುಕ್ರವಾರ ಸಂಜೆ ಅಣ್ಣನ ಮಗಳು ವಚನಾ ಮೊಬೈಲಿಗೆ ಕಳಿಸಿದ್ದ ಎರಡು ಸಾಲು ಅವನಿಗೆ ಬಾಯಿಪಾಠವಾಗಿತ್ತು. ‘ಚಿಕ್ಕಪ್ಪ, ಈ ಸಂಡೇ ತಪ್ಪಿಸ್ಬೇಡಿ. ನಿಮಗೇ ಅಂತ ಒಂದು ಪ್ರಾಂಪ್ಟ್ ಇಟ್ಟಿದೀನಿ.’ ಅವಳು ಮಾಮೂಲಿಯಾಗಿ ಪ್ರತಿ ಸಾಲಿನ ಕೊನೆಗೂ ನಗುವ ಮುಖವೊಂದನ್ನು ಅಂಟಿಸುವವಳು. ಈ ಸಲ ಅಂಟಿಸಿರಲಿಲ್ಲ. ಮರೆತಿರಬಹುದು, ಬಸ್ಸಿನಲ್ಲಿ ನಿಂತುಕೊಂಡು ಟೈಪ್ ಮಾಡಿರಬಹುದು, ಎಂದು ಶನಿವಾರವಿಡೀ ಅವಳ ಪರವಾಗಿ ಅವನೇ ಕಾರಣ ಹುಡುಕಿದ್ದ. ಒಂದೂ ನಿಲ್ಲಲಿಲ್ಲ. ಅವಳಿಗೆ ಗೊತ್ತಾಗಿದೆ ಎಂಬುದೊಂದೇ ನಿಂತಿತು.

ನೀಲಮ್ಮ ಉಪ್ಪಿಟ್ಟಿನ ತಟ್ಟೆ ತಂದು ಮುಂದಿಟ್ಟು, “ಸಪ್ಲಿಮೆಂಟರಿ ಪರೀಕ್ಷೆಗೆ ಹೊರಟ ಹುಡುಗನ ಥರ ಮುಖ ಮಾಡ್ಕೊಂಡಿದೀರಲ್ರೀ,” ಎಂದಳು.

“ಹೊಟ್ಟೆ ಯಾಕೋ ಸರಿಯಿಲ್ಲ ಕಣೇ.”

“ಸರಿಯಿಲ್ದಿದ್ರೆ ಹೋಗ್ಬೇಡಿ. ವಚನಾಗೆ ನಾನೇ ಫೋನ್ ಮಾಡಿ ಹೇಳ್ತೀನಿ.”

“ಬೇಡ, ಬೇಡ.”

ಅದನ್ನು ಅವನು ಎಷ್ಟು ಬೇಗ ಅಂದನೆಂದರೆ ಹೆಂಡತಿ ಸೌಟು ಹಿಡಿದೇ ನಿಂತು ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಅವ್ವ ಆಡುತ್ತಿದ್ದ ಗಾದೆ ನೆನಪಾಗಿ, ನೆನಪಾದದ್ದೇ ತಪ್ಪು ಎಂಬಂತೆ ತಲೆ ತಗ್ಗಿಸಿ ಉಪ್ಪಿಟ್ಟು ನುಂಗಿದ. ವಚನಾಳ ಬರವಣಿಗೆಯ ಗುಂಪಿಗೆ ಹೋಗುವ ಈ ಭಾನುವಾರಗಳೆಲ್ಲ ಶುರುವಾದದ್ದೇ ನೀಲಮ್ಮನಿಂದ. ‘ನಿಮ್ಮ ಚಿಕ್ಕಪ್ಪ ದಿನಾ ಪೆನ್ನಿಗೆ ಇಂಕು ತುಂಬ್ತಾರೆ, ಒಣಗಿಸ್ತಾರೆ, ತೊಳೀತಾರೆ, ಮತ್ತೆ ತುಂಬ್ತಾರೆ, ಅಷ್ಟೇನಮ್ಮ ಅವರ ಸಾಹಿತ್ಯ ಈಗ’ ಎಂದು ಯುಗಾದಿಗೆ ಬಂದ ವಚನಾಳಿಗೆ ಅವಳು ತಮಾಷೆಗೆ ಹೇಳಿದ್ದಳು. ತಮಾಷೆಯಲ್ಲಿ ಸುಳ್ಳೇನೂ ಇರಲಿಲ್ಲ. ಸಹಕಾರ ಇಲಾಖೆಯ ಕಚೇರಿಯಲ್ಲಿ ಟಿಪ್ಪಣಿ ಬರೆಯುವಾಗ ಓಡುವ ಕೈ ಮನೆಯ ಮೇಜಿನ ಮುಂದೆ ಕಲ್ಲಾಗುತ್ತಿತ್ತು. ಎರಡು ಕಥಾಸಂಕಲನ ಬಂದಿದ್ದವು, ಒಳ್ಳೆಯ ಮಾತೂ ಕೇಳಿಬಂದಿತ್ತು, ಆಮೇಲೆ ಶುರು ಮಾಡಿದ ಕಾದಂಬರಿ ನೂರಹನ್ನೆರಡನೆಯ ಪುಟದಲ್ಲಿ ನಿಂತು ಈಗ ಹನ್ನೊಂದು ವರ್ಷ. ಯಾಕೆ ನಿಂತಿತೆಂದು ಯಾರಾದರೂ ಕೇಳಿದರೆ, ಅವ್ವ ಹೋದ ಮೇಲೆ ಯಾಕೋ ಕೂಡಿಬರಲಿಲ್ಲ ಎನ್ನುತ್ತಿದ್ದ. ಕೇಳಿದವರು ಪಾಪ ಎಂಬಂತೆ ತಲೆಯಾಡಿಸುತ್ತಿದ್ದರು. ಆ ಪಾಪ ಎಂಬ ಮಾತು ಅವನಿಗೆ ಹಿತವಾಗಿರುತ್ತಿತ್ತು.

ಶ್ರೀಗಂಧದ ಕಾವಲಿನಿಂದ ಹತ್ತಿದ ಬಸ್ಸಿನಲ್ಲಿ ಭಾನುವಾರವಾದ್ದರಿಂದ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕೈಚೀಲದಲ್ಲಿ ಒಂದು ನೋಟ್‌ಬುಕ್ಕು, ಇಂಕು ತುಂಬಿದ ಪೆನ್ನು, ಚೆಲ್ಲಿದರೆ ಇರಲಿ ಎಂದು ಒಂದು ಬಟ್ಟೆ ಚೂರು. ವಚನಾಳ ಗುಂಪಿನ ನಿಯಮಗಳು ಸರಳವಾಗಿದ್ದವು. ಆರ್‌ಪಿಸಿ ಲೇಔಟಿನಲ್ಲಿ ಸತ್ಯವತಿ ಎಂಬ ನಿವೃತ್ತ ಟೀಚರೊಬ್ಬರು ತಮ್ಮ ಮನೆಯ ಮಹಡಿ ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ಅಲ್ಲೊಂದು ಸ್ಟೀಲ್ ಡಬ್ಬಿ, ಡಬ್ಬಿಯ ತುಂಬ ವಚನಾ ಬರೆದು ಮಡಚಿಟ್ಟ ಚೀಟಿಗಳು. ಒಂದನ್ನು ಎತ್ತಬೇಕು, ಅದರಲ್ಲಿ ಏನಿದೆಯೋ ಅದರ ಮೇಲೆ ಇಪ್ಪತ್ತು ನಿಮಿಷ ಬರೆಯಬೇಕು, ಪೆನ್ನು ಎತ್ತಬಾರದು, ಹೊಡೆದುಹಾಕಬಾರದು, ಮುಗಿದ ಮೇಲೆ ಎಲ್ಲರೆದುರು ಓದಬೇಕು. ಅವಳು ಅದನ್ನೇ ಪ್ರಾಂಪ್ಟ್ ಎನ್ನುತ್ತಿದ್ದಳು, ಬರವಣಿಗೆ ನಿಂತುಹೋದವರಿಗೆ ಇದಕ್ಕಿಂತ ಮದ್ದಿಲ್ಲ ಎನ್ನುತ್ತಿದ್ದಳು. ಮೊದಲ ವಾರ ಅವನಿಗೆ ಬಂದದ್ದು ‘ನಿಮ್ಮ ಮನೆಯಲ್ಲಿ ಯಾರೂ ಕೂರದ ಕುರ್ಚಿ’. ಇಪ್ಪತ್ತು ನಿಮಿಷವೂ ಬರೆಯುವವನಂತೆ ಕೈ ಆಡಿಸಿ, ಕೊನೆಗೆ ನೋಟ್‌ಬುಕ್ಕಿನ ನಡುವೆ ಬಚ್ಚಿಟ್ಟು ತಂದಿದ್ದ ಹಳೆಯ ಕಾದಂಬರಿಯ ಒಂದು ಪುಟವನ್ನು ಗಂಭೀರವಾಗಿ ಓದಿದ. ಔಷಧಿ ಕಂಪನಿಯೊಂದರ ರೆಪ್ ಆಗಿದ್ದ ಆತ್ರೇಯ ಎಂಬ ಹುಡುಗ ಮರ್ಯಾದೆಯಿಂದಲೇ ಕೇಳಿದ, “ಸೂಪರ್ ಸಾರ್. ಆದ್ರೆ ಕುರ್ಚಿ ಎಲ್ಲಿ ಬಂತು ಸಾರ್ ಇದ್ರಲ್ಲಿ?” ಸತ್ಯವತಿಯವರು ಕೆಮ್ಮಿ, ಕಾಫಿ ತರುತ್ತೇನೆಂದು ಎದ್ದರು. ಅವತ್ತು ಬಿಸಿಯಾದ ಕಿವಿ ಅವನಿಗೆ ಈಗಲೂ, ಸುಮನಹಳ್ಳಿಯ ಸೇತುವೆ ದಾಟುತ್ತಿದ್ದ ಬಸ್ಸಿನಲ್ಲಿಯೂ, ನೆನಪಾಗಿ ಬಿಸಿಯಾಯಿತು. ಹೋದ ವಾರ ಮಾತ್ರ ಬೇರೆ ಥರದ್ದು ನಡೆದಿತ್ತು. ವಚನಾ ತನ್ನ ಚೀಟಿಯನ್ನು ಎಂದೂ ತಾನೇ ಎತ್ತುತ್ತಿರಲಿಲ್ಲ, ಪಕ್ಕದಲ್ಲಿದ್ದವರ ಕೈಲಿ ಎತ್ತಿಸುತ್ತಿದ್ದಳು. ಆತ್ರೇಯ ಎತ್ತಿಕೊಟ್ಟ ಚೀಟಿಯನ್ನು ಅವಳು ಬಿಚ್ಚಿದಳು. ‘ನೀವು ಚಿಕ್ಕವರಿದ್ದಾಗ ಮಾಡಿದ ಒಂದು ತಪ್ಪು.’ ಅವಳದೇ ಅಕ್ಷರ, ಅವಳೇ ಹಾಕಿದ್ದ ಪ್ರಶ್ನೆ. ಎರಡು ಸಾಲು ಬರೆದು ನಿಲ್ಲಿಸಿದಳು. ತಲೆ ಎತ್ತಿ ನೇರವಾಗಿ ಚಿಕ್ಕಪ್ಪನ ಮುಖ ನೋಡಿದಳು. ಅವತ್ತು ಅವಳು ಏನನ್ನೂ ಓದಲಿಲ್ಲ.

ಆ ನೋಟವನ್ನು ಅವನು ಹಿಂದೆಯೂ ಒಮ್ಮೆ ನೋಡಿದ್ದ. ಆಗ ಅವಳಿಗೆ ಎಂಟು ವರ್ಷ, ಹಸಿರು ಲಂಗ ಹಾಕಿಕೊಂಡು ದೇವರ ಜಗುಲಿಯ ಮುಂದೆ ಕೂತಿದ್ದಳು, ಎರಡು ಜಡೆಗೂ ರಿಬ್ಬನ್ನು. ಅವ್ವನ ಹೃದಯದ ಕವಾಟ ಹಾಳಾಗಿತ್ತು. ಆಪರೇಷನ್ ಮಾಡಿದರೆ ಬದುಕಬಹುದು, ಟೇಬಲ್ಲಿನ ಮೇಲೆಯೇ ಹೋಗಲೂಬಹುದು, ಎಪ್ಪತ್ತೆರಡು ವಯಸ್ಸಲ್ಲವೇ, ಮನೆಯವರು ತೀರ್ಮಾನ ಮಾಡಿ ಎಂದು ಡಾಕ್ಟರು ಕೈ ತೊಳೆದುಕೊಂಡಿದ್ದರು. ಮೂರು ದಿನ ಅಣ್ಣ ತಮ್ಮ ಇಬ್ಬರೂ ನೀನು ಹೇಳು ನೀನು ಹೇಳು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ನಾಲ್ಕನೆಯ ದಿನ ಅವ್ವನೇ, ಶಾಂತವ್ವನೇ, “ನಿಮ್ ಕೈಲಾಗದಿದ್ರೆ ಶಿವನ್ನ ಕೇಳ್ರಪ್ಪ, ಚೀಟಿ ಹಾಕ್ರಿ,” ಎಂದಳು. ಅವ್ವನ ತವರು ಹರಿಹರದ ಮನೆಯಲ್ಲಿ ಹೆಣ್ಣು ಕೊಡುವುದಿರಲಿ ಹೊಲ ಬಿಡುವುದಿರಲಿ, ಗೊಂದಲ ಬಂದರೆ ಹಾಗೇ ಮಾಡುತ್ತಿದ್ದರಂತೆ. ಎರಡು ಚೀಟಿ ಬರೆದು ಬಿಲ್ವಪತ್ರೆಯ ಜೊತೆ ತಟ್ಟೆಯಲ್ಲಿಟ್ಟು, ಬುದ್ಧಿ ಬಲಿಯದ ಮಗುವಿನ ಕೈಯಲ್ಲಿ ಒಂದನ್ನು ಎತ್ತಿಸುವುದು. ಎತ್ತಿದ್ದೇ ಶಿವನ ಮಾತು. ಎತ್ತದ ಚೀಟಿಯನ್ನು ಮಾತ್ರ ಯಾರೂ ಬಿಚ್ಚುವ ಹಾಗಿಲ್ಲ, ಬಿಚ್ಚಿದರೆ ಶಿವನನ್ನೇ ಪರೀಕ್ಷೆ ಮಾಡಿದ ಹಾಗೆ, ಅದನ್ನು ಬಾಡಿದ ಹೂವಿನ ಜೊತೆ ಗಿಡದ ಬುಡಕ್ಕೆ ಹಾಕಬೇಕು. “ವಿಶ್ವ, ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ,” ಎಂದ ಅಣ್ಣ ಶಂಭುಲಿಂಗಪ್ಪ. “ಒಂದ್ರಲ್ಲಿ ಮಾಡಿಸಿ ಅಂತ ಬರಿ, ಇನ್ನೊಂದ್ರಲ್ಲಿ ಬೇಡ ಅಂತ.” ಮನೆಯಲ್ಲಿ ಲಗ್ನಪತ್ರಿಕೆಯಿಂದ ಹಿಡಿದು ಎಲ್ಲ ಬರೆಯುವವನು ಅವನೇ ಆಗಿದ್ದರಿಂದ ಯಾರಿಗೂ ಏನೂ ಅನಿಸಲಿಲ್ಲ. ಅವನು ಒಳಕೋಣೆಗೆ ಹೋಗಿ, ಕೈಗೆ ಸಿಕ್ಕಿದ್ದು ಕಾದಂಬರಿಯ ನೋಟ್‌ಬುಕ್ಕೇ ಆದ್ದರಿಂದ ಅದರ ಕೊನೆಯ ಹಾಳೆಯನ್ನು ಹರಿದು ಎರಡು ಚೂರು ಮಾಡಿ, ಎರಡರಲ್ಲೂ ಬೇಡ ಎಂದು ಬರೆದ.

ಬರೆಯಬೇಕೆಂದು ಹೊರಟಿರಲಿಲ್ಲ. ಮೊದಲನೆಯದರಲ್ಲಿ ಬೇಡ ಎಂದು ಬರೆದ, ಮಡಚಿದ, ಎರಡನೆಯದನ್ನು ಕೈಗೆತ್ತಿಕೊಂಡ, ಪೆನ್ನು ಮತ್ತೆ ಅದನ್ನೇ ಬರೆಯಿತು. ಹನ್ನೊಂದು ವರ್ಷ ತನಗೆ ತಾನೇ ಹೇಳಿಕೊಂಡ ಕಥೆಯಲ್ಲಿ ಬರೆದದ್ದು ಪೆನ್ನು, ಅವನಲ್ಲ. ಎದೆ ಸೀಳಿ ಅವ್ವ ನರಳುವುದು ಬೇಡ, ಮನೆಯಲ್ಲೇ ಮಕ್ಕಳ ನಡುವೆ ಇರಲಿ ಎಂಬ ಪ್ರೀತಿ ಎಂದು ಕೆಲವು ದಿನ ಅನಿಸುತ್ತಿತ್ತು. ಆದರೆ ಡಾಕ್ಟರು ಇನ್ನೊಂದು ಮಾತೂ ಹೇಳಿದ್ದರು, ಆಪರೇಷನ್ ಆದ ಮೇಲೆ ಆರು ತಿಂಗಳು ಒಬ್ಬರು ಜೊತೆಗಿದ್ದು ನೋಡಿಕೊಳ್ಳಬೇಕೆಂದು. ಅವ್ವ ಇದ್ದದ್ದು ಅವನ ಮನೆಯಲ್ಲಿ. ಆ ಬೇಸಿಗೆ ಅವನು ಕಾದಂಬರಿ ಮುಗಿಸಲೆಂದೇ ಎರಡು ತಿಂಗಳು ರಜೆ ಬರೆದುಕೊಟ್ಟಿದ್ದ. ಚೀಟಿ ಬರೆಯುವಾಗ ರಜೆ ನೆನಪಿತ್ತೋ ಇರಲಿಲ್ಲವೋ? ಇತ್ತು. ಅದೊಂದನ್ನು ಮಾತ್ರ ಅವನು ನೀಲಮ್ಮನಿಗೂ ಹೇಳಿರಲಿಲ್ಲ, ಪೂಜೆಗೆ ಕೂತಾಗ ಅಂಗೈಯೊಳಗಿನ ಲಿಂಗಕ್ಕೂ ಹೇಳಿರಲಿಲ್ಲ. ವಚನಾ ಕಣ್ಣು ಮುಚ್ಚಿಕೊಂಡು ಒಂದು ಚೀಟಿ ಎತ್ತಿ ಅಪ್ಪನ ಕೈಗೆ ಕೊಟ್ಟಿದ್ದಳು. ಶಂಭುಲಿಂಗಪ್ಪ ಓದಿದ. “ಶಿವ ಹೇಳಿದ್ಮ್ಯಾಲೆ ಮುಗೀತು ಬಿಡ್ರಪ್ಪ,” ಎಂದು ಅವ್ವ ತಟ್ಟೆಗೆ ಕೈ ಮುಗಿದಳು. ಆ ಮಗು ಆಗ ಎಲ್ಲರನ್ನೂ ಬಿಟ್ಟು ಅವನ ಮುಖವನ್ನೇ ನೋಡಿತ್ತು.

“ಕಾಮಾಕ್ಷಿಪಾಳ್ಯ, ಕಾಮಾಕ್ಷಿಪಾಳ್ಯ, ಇಳೀರಿ ಬೇಗ,” ಎಂದು ಕಂಡಕ್ಟರ್ ಕೂಗಿದ. ಅವತ್ತು ಚೀಟಿ ಎತ್ತಿದ ಮೇಲೆ ಊಟಕ್ಕೆ ಎಲ್ಲರೂ ಅಡುಗೆಮನೆ ಕಡೆ ಹೋದಾಗ ಅವನು ಎರಡನೆಯ ಚೀಟಿಯನ್ನು ತೆಗೆದುಬಿಡೋಣವೆಂದು ಜಗುಲಿಯ ಹತ್ತಿರ ಹೋಗಿದ್ದ. ತಟ್ಟೆಯಲ್ಲಿ ಬಿಲ್ವಪತ್ರೆ ಇತ್ತು, ಚೀಟಿ ಇರಲಿಲ್ಲ. ತಟ್ಟೆ ಎತ್ತಿ ನೋಡಿದ, ದೀಪದ ಕಂಬದ ಕೆಳಗೆ ನೋಡಿದ, ವಿಭೂತಿಗಟ್ಟಿಯ ಬಟ್ಟಲಿನಲ್ಲಿ ಬೆರಳಾಡಿಸಿದ. ಯಾರೋ ತೆಗೆದುಕೊಂಡಿದ್ದರು. ಬಿಚ್ಚಿ ಓದಿಯೂ ಇರಬಹುದು. ಆಮೇಲಿನ ಐದು ತಿಂಗಳು ಅವ್ವ ಒಂದು ದಿನವೂ ಅಡ್ಡಾಗಿ ಮಲಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮುಂದೊಂದು ಸ್ಟೂಲು ಇಟ್ಟು ಅದರ ಮೇಲೆ ದಿಂಬು ಹಾಕಿಕೊಂಡು ಹಣೆ ಆನಿಸಿ ಕೂತೇ ನಿದ್ದೆ ಮಾಡುತ್ತಿದ್ದಳು. ಅವನು ಔಷಧಿ ಕೊಡಲು ಹೋದರೆ ತಲೆ ಎತ್ತಿ ಸುಮ್ಮನೆ ನೋಡುತ್ತಿದ್ದಳು. ಚೀಟಿ ಅವ್ವನ ಹತ್ತಿರವೇ ಇದೆ ಎಂದು ಅವನಿಗೆ ಆಗ ಖಾತ್ರಿಯಾಗಿತ್ತು. ಅವಳು ಲಿಂಗೈಕ್ಯಳಾದ ದಿನ, ಹೆಂಗಸರು ಅಳುತ್ತಿರುವಾಗ, ಅವನು ದಿಂಬಿನ ಗಲೀಪಿನೊಳಗೆ, ಮಾತ್ರೆ ಡಬ್ಬಿಯೊಳಗೆ, ಸೆರಗಿನ ಗಂಟಿನೊಳಗೆ ಚೀಟಿ ಹುಡುಕಿದ. ಅವ್ವ ಸತ್ತ ದಿನ ಅವ್ವನ ಸೆರಗಿನ ಗಂಟು ಬಿಚ್ಚಿದ ಮಗ. ಆಮೇಲೆ ಅಣ್ಣನ ಮೇಲೆ ಅನುಮಾನ, ಅತ್ತಿಗೆಯ ಮೇಲೆ, ನೀಲಮ್ಮನ ಮೇಲೆ. ಯಾರು ಯಾವ ಹಬ್ಬದ ದಿನ ಊಟದ ನಡುವೆ ಅದನ್ನು ಎಲೆಯ ಮುಂದೆ ಇಡುತ್ತಾರೋ ಎಂದು ಹನ್ನೊಂದು ವರ್ಷ ಕಾದ. ಮಗುವನ್ನು ಮಾತ್ರ ಅವನು ಅನುಮಾನಿಸಿರಲಿಲ್ಲ.

ಆರ್‌ಪಿಸಿ ಲೇಔಟಿನ ಸ್ಟಾಪಿನಲ್ಲಿ ಇಳಿದು, ಎದುರಿನ ಬಸ್ಸು ಹತ್ತಿ ವಾಪಸು ಹೋಗಬಹುದಲ್ಲ ಎಂದು ಎರಡು ನಿಮಿಷ ನಿಂತ. ಹಾಲಿನ ಬೂತಿನವನು ಏನು ಬೇಕು ಸಾರ್ ಎಂದು ಕೇಳಿದ. ಏನೂ ಬೇಡ ಎನ್ನಲು ನಾಚಿಕೆಯಾಗಿ ಅರ್ಧ ಲೀಟರ್ ಹಾಲು ತೆಗೆದುಕೊಂಡ. ಆ ಪ್ಯಾಕೆಟ್ಟು ತೊಟ್ಟಿಕ್ಕುತ್ತ ಕೈಚೀಲದಲ್ಲಿ ಕೂತು ನೋಟ್‌ಬುಕ್ಕಿನ ಮೂಲೆಯನ್ನು ಒದ್ದೆ ಮಾಡಿತು. ಸತ್ಯವತಿಯವರು ಬಾಗಿಲಲ್ಲೇ ಸಿಕ್ಕಿ, “ಹೋಗಿ ಸಾರ್, ಮೇಲಿದಾಳೆ ವಚನಾ,” ಎಂದರು. ಮೆಟ್ಟಿಲ ಬುಡದಲ್ಲಿ ಒಂದೇ ಜೊತೆ ಚಪ್ಪಲಿ ಇತ್ತು. ಗೋಡೆ ಹಿಡಿದುಕೊಂಡು ಹತ್ತಿದ.

ಅವಳು ಚಾಪೆಯ ಮೇಲೆ ಕೂತಿದ್ದಳು. ಮುಂದೆ ಡಬ್ಬಿ, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕವರಿನ ತುಂಬ ಮಾಮೂಲಿ ಚೀಟಿಗಳು.

“ಬೇರೆ ಯಾರೂ ಬಂದಿಲ್ವಾ?”

“ನಾನೇ ಬರ್ಬೇಡಿ ಅಂದೆ ಚಿಕ್ಕಪ್ಪ. ಕೂತ್ಕೊಳಿ. ಯಾಕೆ ಇಷ್ಟು ಬೆವರ್ತಿದೀರಿ?”

“ಬಿಸಿಲು.”

“ಎಲ್ಲಿದೆ ಬಿಸಿಲು, ಬೆಳಿಗ್ಗೆಯಿಂದ ಮೋಡ.” ಅವಳು ನಗಲಿಲ್ಲ. ಡಬ್ಬಿಯನ್ನು ಅವನತ್ತ ದೂಡಿದಳು. “ಎತ್ತಿ.”

ಅವನು ಕೈ ಹಾಕಿದ. ಡಬ್ಬಿ ಖಾಲಿ ಅನ್ನಿಸಿತು, ಬೆರಳುಗಳು ತಣ್ಣನೆಯ ತಳ ಸವರಿದವು, ಒಂದು ಮೂಲೆಯಲ್ಲಿ ಒಂದೇ ಒಂದು ಕಾಗದ ಸಿಕ್ಕಿತು. ಹೊರಗೆ ತೆಗೆಯುವ ಮೊದಲೇ ಬೆರಳಿಗೆ ಗೊತ್ತಾಯಿತು. ಮೂರು ಸಲ ಮಡಚಿ ತುದಿಯನ್ನು ಒಳಗೆ ಸಿಕ್ಕಿಸುವುದು ಅವನ ಅಭ್ಯಾಸ. ಹಳದಿಯಾದ ಕಾಗದ, ತೆಳು ನೀಲಿ ಗೆರೆ, ಒಂದು ಕಡೆ ಒಣಗಿದ ವಿಭೂತಿಯ ಬಿಳಿ ಗುರುತು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದ.

“ನಾನೇ ತಗೊಂಡಿದ್ದು ಅವತ್ತು,” ಎಂದಳು ವಚನಾ. “ಎಲ್ಲಾ ಊಟಕ್ಕೆ ಹೋದ್ರಲ್ಲ, ಆಗ. ಯಾಕೆ ತಗೊಂಡೆ ಅಂತ ಗೊತ್ತಿಲ್ಲ. ಕಂಪಾಸ್ ಬಾಕ್ಸಲ್ಲಿ ಇಟ್ಕೊಂಡಿದ್ದೆ. ಇವತ್ತಿಗೂ ಬಿಚ್ಚಿಲ್ಲ.”

“ಬಿಚ್ಚಿಲ್ವಾ?”

“ಅಜ್ಜಿ ಬಿಚ್ಬಾರ್ದು ಅಂದಿದ್ರಲ್ಲ. ಆಮೇಲೆ ಬಿಚ್ಚೋದೇನಿದೆ? ಒಂದ್ರಲ್ಲಿ ಬೇಡ ಅಂತಿದ್ರೆ ಇನ್ನೊಂದ್ರಲ್ಲಿ ಏನಿರತ್ತೆ ಅಂತ ಎಂಟು ವರ್ಷದ ಮಗೂಗೂ ಗೊತ್ತಾಗತ್ತೆ.”

ಅವನೊಳಗೆ ಏನೋ ಸಡಿಲಗೊಂಡು ಇಳಿಯಿತು. ಅವಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಹನ್ನೊಂದು ವರ್ಷ ಯಾರಿಗೂ ಗೊತ್ತಿರಲಿಲ್ಲ. ಅವ್ವ ಸ್ಟೂಲಿನಿಂದ ತಲೆ ಎತ್ತಿ ನೋಡುತ್ತಿದ್ದದ್ದು ಮಗನನ್ನಷ್ಟೇ. ಅವನಿಗೆ ನಗು ಬರುವಂತಾಗಿ, ಅದನ್ನು ತಡೆಯಲು ಕೆಮ್ಮಿದ. ಹಾಗೆ ಹಗುರಾದ ತನ್ನ ಬಗ್ಗೆ ಅದೇ ಹೊತ್ತಿಗೆ ಹೇಸಿಗೆಯೂ ಆಯಿತು.

ವಚನಾ ತನ್ನ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅದರ ಕಡೆ ನೋಡುತ್ತ ಮಾತಾಡುತ್ತಿದ್ದಳು. “ಅಜ್ಜಿ ಕೂತೇ ನಿದ್ದೆ ಮಾಡ್ತಿದ್ರಲ್ಲ, ನಾವು ನೋಡೋಕೆ ಬಂದಾಗೆಲ್ಲ ನಾನು ಒಳಗೇ ಬರ್ತಿರ್ಲಿಲ್ಲ. ಭಯ. ಆ ಪಕ್ಕದ್ದನ್ನ ಎತ್ತಿದ್ರೆ ಆಗ್ತಿತ್ತಲ್ಲ ಅಂತ. ಮೊದಲು ಕೈ ಅದರ ಮೇಲೇ ಹೋಗಿತ್ತು ಚಿಕ್ಕಪ್ಪ, ಆಮೇಲೆ ಬಿಟ್ಟು ಇನ್ನೊಂದನ್ನ ಎತ್ತಿದೆ. ಇವತ್ತಿಗೂ ಎರಡು ಇದ್ರೆ ನನಗೆ ಕೈ ಬರಲ್ಲ. ಹೋಟ್ಲಲ್ಲಿ ಅಮ್ಮ ಹೇಳಿದ್ದನ್ನೇ ತಿಂತೀನಿ. ಕಾಲೇಜು ಅಪ್ಪ ಆರಿಸಿದ್ದು. ಈ ಗುಂಪು ಮಾಡಿದ್ದೇ ಅದಕ್ಕೆ, ವಾರ ವಾರ ಚೀಟಿ ಎತ್ತಿದ್ರೆ ಹೆದರಿಕೆ ಹೋಗತ್ತೇನೋ ಅಂತ. ಒಂದು ಸಲಾನೂ ಎತ್ತೋಕಾಗಿಲ್ಲ. ನೀವು ನೋಡಿದೀರಲ್ಲ, ಆತ್ರೇಯ ಎತ್ತಿಕೊಡ್ತಾನೆ.”

ನೋಡಿದ್ದ. ಚೀಟಿ ಬರೆದವಳು ತಾನೇ ಎತ್ತಬಾರದೆಂಬ ಮರ್ಯಾದೆ ಅದು ಎಂದುಕೊಂಡಿದ್ದ.

“ಅದಕ್ಕೆ ನಿಮ್ಮನ್ನ ಕರೆದಿದ್ದು. ನೀವು ಬರೆದ ಚೀಟಿ, ನೀವು ಬಿಚ್ಚಿದ್ರೆ ತಪ್ಪಿಲ್ಲ. ಬಿಚ್ಚಿ ಜೋರಾಗಿ ಓದಿ, ನಾನು ಒಂದ್ಸಲ ಕಿವಿಯಲ್ಲಿ ಕೇಳಿಸ್ಕೋಬೇಕು. ಆಮೇಲೆ ಅದರ ಮೇಲೇ ಬರೀರಿ. ಮಾಡಿಸಿ ಅಂತ ಬಂದು, ಆಪರೇಷನ್ ಆಗಿ, ಅಜ್ಜಿ ಎದ್ದು ಮನೆಗೆ ಬಂದ ಹಾಗೆ ಬರೀರಿ. ಕಥೇಲಾದ್ರೂ ಬರ್ಲಿ.”

ಅವನು ಚೀಟಿ ಬಿಚ್ಚಿದ. ಸಿಕ್ಕಿಸಿದ ತುದಿ ಹರಿದು ಕೈಗೆ ಬಂತು. ಎರಡು ಅಕ್ಷರ, ಇಂಕು ಕಂದಿತ್ತು, ಅಷ್ಟೇ. ಅದನ್ನು ನೋಡುತ್ತಿರುವಾಗಲೇ ಅವನ ತಲೆಯೊಳಗೆ ಒಂದು ವಾಕ್ಯ ಎದ್ದು ಬಂತು. ‘ಆಸ್ಪತ್ರೆಯಿಂದ ಬಂದ ಮೊದಲ ಮಧ್ಯಾಹ್ನ ಶಾಂತವ್ವ ನಡುಮನೆಯಲ್ಲಿ ಚಾಪೆ ಹಾಸಿಸಿಕೊಂಡು ಕಾಲು ಚಾಚಿ ಮಲಗಿದಳು.’ ಅದರ ಬೆನ್ನಿಗೆ ಇನ್ನೊಂದು, ಸ್ಟೂಲನ್ನು ಯಾರೋ ಅಟ್ಟಕ್ಕೆ ಹಾಕಿದರು. ಅದರ ಬೆನ್ನಿಗೆ ಮತ್ತೊಂದು. ಹನ್ನೊಂದು ವರ್ಷ ಹನಿಯದ ನಲ್ಲಿ ತಿರುಗಿಸಿದ ಹಾಗೆ. ಬೆರಳುಗಳು ಪೆನ್ನಿಗಾಗಿ ತುಡಿದವು. ಬೇಕಾಗಿದ್ದದ್ದು ಒಂದೇ ಮಾತು, ಹುಡುಗಿ ಕೂಡ ಅದನ್ನೇ ಕೇಳುತ್ತಿದ್ದಳು. ಅದನ್ನು ಅಂದುಬಿಟ್ಟರೆ ಭಯವೂ ಮುಗಿಯಿತು, ನಿಂತ ಬರವಣಿಗೆಯೂ ಹರಿಯಿತು. ಅವನಿಗೆ ತನ್ನ ಬಗ್ಗೆ ಎಂದೂ ಆಗದಷ್ಟು ಭಯ ಆಗ ಆಯಿತು. ಆದರೂ ಬಾಯಿ ಆಗಲೇ ತೆರೆದಿತ್ತು.

“ಮಾಡಿಸಿ,” ಎಂದು ಓದಿದ.

ವಚನಾ ಕಣ್ಣು ಮುಚ್ಚಿಕೊಂಡಳು. ತುಟಿ ಒತ್ತಿ ಹಿಡಿದಳು, ಬಿಟ್ಟಳು. ಅಳುವುದಿಲ್ಲವೆಂದು ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದವಳಂತೆ ಬೆನ್ನು ನೆಟ್ಟಗೆ ಮಾಡಿ ಕೂತಳು.

“ನಾನೇ ಹಾಗಾದ್ರೆ,” ಎಂದಳು.

ಬಹಳ ಸಣ್ಣ ದನಿಯಲ್ಲಿ, ಹಾಜರಿ ಕೂಗಿದಾಗ ಮಕ್ಕಳು ಹೇಳುವ ಹಾಗೆ ಹೇಳಿದಳು. ಅವನ ತಲೆಯಲ್ಲಿದ್ದ ವಾಕ್ಯಗಳೆಲ್ಲ ನಿಂತುಹೋದವು. ಕೆಳಗೆ ಸತ್ಯವತಿಯವರ ಮಿಕ್ಸಿ ತಿರುಗುತ್ತಿತ್ತು. ವಚನಾ ಬಲಗೈಯನ್ನು ಮುಂದೆ ಚಾಚಿದಳು.

“ಕೊಡಿ, ಒಂದ್ಸಲ ನೋಡ್ತೀನಿ.”

ಹರಿಯಬಹುದಿತ್ತು. ಬಾಯಿಗೆ ಹಾಕಿಕೊಳ್ಳಬಹುದಿತ್ತು, ಹಳೆಯ ಕಾಗದ, ನುಂಗಿದರೆ ಗಂಟಲಲ್ಲೂ ನಿಲ್ಲುತ್ತಿರಲಿಲ್ಲ. ಕಿಟಕಿ ತೆರೆದಿತ್ತು. ಇದೆಲ್ಲವೂ ಹೊಳೆದದ್ದು ಅವನಿಗೆ ಗೊತ್ತು. ಅಷ್ಟು ಹೊತ್ತೂ ಆ ಕೈ ಹಾಗೇ ಇತ್ತು, ಹತ್ತೊಂಬತ್ತು ವರ್ಷದ ಹುಡುಗಿಯ ಕೈ, ಮಣಿಕಟ್ಟಿನಲ್ಲಿ ಕಪ್ಪು ದಾರ, ಹೆಬ್ಬೆರಳ ಉಗುರು ಕಚ್ಚಿ ಕಚ್ಚಿ ಕೆಂಪಾಗಿದ್ದದ್ದು. ನಾನೇ ಎಂಬ ಆ ಮಾತು ತನ್ನದು. ಹನ್ನೊಂದು ವರ್ಷದಿಂದ ತಾನು ಆಡಬೇಕಾಗಿದ್ದದ್ದನ್ನು ಅವಳು ಆಡಿದ್ದಾಳೆ. ಅವನು ಬಿಚ್ಚಿದ ಚೀಟಿಯನ್ನು ಅವಳ ಅಂಗೈಯಲ್ಲಿಟ್ಟ.

ಅವಳು ಓದಿದಳು. ತಿರುಗಿಸಿ ಹಿಂಬದಿ ನೋಡಿದಳು. ಮತ್ತೆ ಓದಿದಳು.

“ಎರಡ್ರಲ್ಲೂನಾ?”

“ಹೂಂ.”

“ಅಪ್ಪಂಗೆ ಗೊತ್ತಾ?”

“ಯಾರಿಗೂ ಗೊತ್ತಿಲ್ಲ.”

“ಯಾಕೆ ಚಿಕ್ಕಪ್ಪ?”

ಅವನು ಮಾತಿಗೆ ಗಂಟಲು ಸರಿಮಾಡಿಕೊಂಡ. ಅವ್ವನಿಗೆ ನೋವಾಗಬಾರದೆಂಬ ವಾಕ್ಯ ಸಿದ್ಧವಾಗಿ ನಿಂತಿತ್ತು, ವರ್ಷಗಟ್ಟಲೆ ತಿದ್ದಿ ತಿದ್ದಿ ನುಣುಪಾದ ವಾಕ್ಯ.

“ಬೇಡ, ಹೇಳ್ಬೇಡಿ,” ಎಂದಳು ವಚನಾ. “ಬಾಯಲ್ಲಿ ಹೇಳಿದ್ರೆ ಚೆನ್ನಾಗಿ ಹೇಳ್ಬಿಡ್ತೀರಿ ನೀವು. ಬರೀರಿ.” ಚೀಟಿಯನ್ನು ಅವನ ನೋಟ್‌ಬುಕ್ಕಿನ ಮೇಲಿಟ್ಟು ಮೊಬೈಲಿನಲ್ಲಿ ಸಮಯ ಹಾಕಿದಳು. ಎರಡು ಸಲ ತಪ್ಪಿ ಮತ್ತೆ ಹಾಕಿದಳು. “ಇಪ್ಪತ್ತು ನಿಮಿಷ. ಹೊಡೆದುಹಾಕೋ ಹಾಗಿಲ್ಲ, ಪೆನ್ ಎತ್ತೋ ಹಾಗಿಲ್ಲ. ಅಪ್ಪ ಹನ್ನೊಂದೂವರೆಗೆ ನನ್ನ ಕರ್ಕೊಂಡು ಹೋಗೋಕೆ ಬರ್ತಾರೆ. ಓದೋವಾಗ ಅವರೂ ಇರ್ಲಿ.”

ಗೋಡೆ ಗಡಿಯಾರದಲ್ಲಿ ಹನ್ನೊಂದು ಹದಿನೈದು. ಕೈಚೀಲದಿಂದ ಪೆನ್ನು ತೆಗೆದ. ಅದು ಹಾಲಿನ ಪ್ಯಾಕೆಟ್ಟಿನ ನೀರಿಗೆ ತಣ್ಣಗಾಗಿತ್ತು. ಒಣಗಿರಲಿ, ಇವತ್ತೊಂದು ದಿನ ಒಣಗಿರಲಿ ಎಂದು ಬೇಡಿಕೊಂಡು ಒದ್ದೆಯಾಗದ ಒಂದು ಪುಟ ತೆರೆದು ನಿಬ್ಬು ಊರಿದ. ಒಣಗಿರಲಿಲ್ಲ. ‘ನಾನು ಎರಡರಲ್ಲೂ ಬೇಡ ಎಂದು ಬರೆದೆ, ಆಗ ನನಗೆ ನನ್ನ ರಜೆಯ ನೆನಪಿತ್ತು’ ಎಂದು ಶುರುವಾಯಿತು. ಅಕ್ಷರ ಚೆನ್ನಾಗಿರಲಿಲ್ಲ, ಸಾಲು ಸೊಟ್ಟಗೆ ಹೋಗುತ್ತಿತ್ತು. ಎದುರಿಗೆ ವಚನಾ ಕವರಿನ ಚೀಟಿಗಳನ್ನೆಲ್ಲ ಡಬ್ಬಿಗೆ ಸುರಿದುಕೊಂಡು ಅದರತ್ತ ನೋಡುತ್ತ ಕೂತಳು. ಬಹಳ ಹೊತ್ತಿನ ಮೇಲೆ ಕೈ ಒಳಗೆ ಹೋಯಿತು. ಒಂದನ್ನು ಎತ್ತಿ, ಬಿಚ್ಚದೆ, ಮುಷ್ಟಿಯಲ್ಲಿ ಹಿಡಿದುಕೊಂಡಳು.

ಕೆಳಗೆ ಗೇಟಿನ ಹತ್ತಿರ ಸ್ಕೂಟರು ನಿಂತ ಸದ್ದಾಯಿತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಮೊಣಕಾಲು ನೋವಿನಿಂದ ಒಂದು ಕಾಲು ಊರಿ ಇನ್ನೊಂದನ್ನು ಎಳೆದು ಹತ್ತುವ ಅಣ್ಣನ ಹೆಜ್ಜೆ ಅವನಿಗೆ ಯಾವ ಗದ್ದಲದಲ್ಲಿಯೂ ಗೊತ್ತಾಗುತ್ತಿತ್ತು. ಒಂದು ಮೆಟ್ಟಿಲು, ಒಂದು ನಿಲುಗಡೆ, ಇನ್ನೊಂದು ಮೆಟ್ಟಿಲು. ಬಾಗಿಲ ಬಳಿ ಬೆಳಕಿಗೆ ಅಡ್ಡವಾಗಿ ಯಾರೋ ನಿಂತರು. “ಏನೋ ವಿಶ್ವ, ಕೊನೆಗೂ ಬರೀತಿದೀಯಲ್ಲೋ,” ಎಂದ ಶಂಭುಲಿಂಗಪ್ಪ, ಸಂತೋಷದಿಂದ. ವಿಶ್ವಾರಾಧ್ಯ ತಲೆ ಎತ್ತಲಿಲ್ಲ, ಪೆನ್ನೂ ಎತ್ತಲಿಲ್ಲ. ಇನ್ನೂ ಐದು ನಿಮಿಷ ಉಳಿದಿತ್ತು.